ಸೊನ್ನೆ ಜಾಸ್ತಿ ಬಿತ್ತು ಸಾರ್: ಹಳೆ ವಾಚು ಹರಾಜಿಗೆ ಹಾಕೋ ಮುಂಚೆ ಓದಿ

ಮನೆಯಲ್ಲಿರೋ ಹಳೆ ಎಚ್‌ಎಂಟಿ ವಾಚುಗಳನ್ನು ಆನ್‌ಲೈನ್ ಹರಾಜಿಗೆ ಹಾಕೋ ಯೋಚನೆ ಇದೆಯಾ? ಎರಡು ನಿಮಿಷ ನಿಂತು ನನ್ನ ಕಥೆ ಕೇಳಿ. ನಾಣ್ಯ, ಸ್ಟಾಂಪು ಮಾರೋರಿಗೂ ಇದು ಅನ್ವಯಿಸುತ್ತೆ.

ನಮ್ಮಮ್ಮ ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಕೆಲಸ ಮಾಡಿದವರು. 1978ರಲ್ಲಿ ಶುರುವಾದ ಫ್ಯಾಕ್ಟರಿ ಅದು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಜಾಗ ಇಸ್ರೋ ಪಾಲಾಯಿತು. ನಮ್ಮ ಪಾಲಿಗೆ ಉಳಿದಿದ್ದು ಒಂದು ಬಿಸ್ಕತ್ ಡಬ್ಬಿ, ಅದರಲ್ಲಿ 11 ವಾಚು. "ಇಷ್ಟಕ್ಕೂ ದಿನಾ ಕೀ ಕೊಡ್ತಾ ಕೂರೋರು ಯಾರೋ? ಕಟ್ಟೋರಿಗೆ ಕೊಟ್ಟುಬಿಡು," ಅಂದರು ಅಮ್ಮ. ಜನತಾ ಅನ್ನೋ ಮಾಡೆಲ್ ಒಂದನ್ನು ನಾನು ಇಟ್ಟುಕೊಂಡೆ. ಉಳಿದಿದ್ದನ್ನು ಹರಾಜಿಗೆ ಹಾಕಿದೆ.

ಆನ್‌ಲೈನ್ ಮಾರಾಟದ ತಾಣ ಇಬೇ ಇಂಡಿಯಾ 2018ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿದ ಮೇಲೆ ಇಂಥ ಸಾಮಾನು ಜಾಸ್ತಿ ಕೈ ಬದಲಾಗೋದು ಫೋನಿನ ಗ್ರೂಪುಗಳಲ್ಲೇ. ಫೋಟೋ ಹಾಕಬೇಕು, ಶುರುವಿನ ಬೆಲೆ, ಮುಗಿಯೋ ಟೈಮು ಬರೀಬೇಕು. ಆಮೇಲೆ ಒಬ್ಬೊಬ್ಬರೇ ಸವಾಲು, ಅಂದರೆ ಬಿಡ್ಡು, ಹಾಕುತ್ತಾ ಹೋಗುತ್ತಾರೆ. ಮಧ್ಯದಲ್ಲಿ ಜವಾಬ್ದಾರಿ ಹೊರೋರು ಯಾರೂ ಇಲ್ಲ. ಇದು ನನಗೆ ಹೊಳೆದಿದ್ದು ಕೈ ಸುಟ್ಟುಕೊಂಡ ಮೇಲೆ.

ಮೊದಲು ಹಾಕಿದ್ದು ಪೈಲಟ್. ಕಪ್ಪು ಡಯಲ್, 17 ಜ್ಯೂಯೆಲ್ (ಮೆಷಿನ್ ಸವೆಯದ ಹಾಗೆ ಒಳಗೆ ಕೂರಿಸೋ ಪುಟ್ಟ ಕಲ್ಲು). ಇದಕ್ಕೆ ಬೇಡಿಕೆ ಜಾಸ್ತಿ, ಹಾಗಾಗಿ ಬಣ್ಣ ಬಳಿದ ನಕಲಿ ಡಯಲ್ಲುಗಳೂ ಜಾಸ್ತಿ. ನಮ್ಮದು ಫ್ಯಾಕ್ಟರಿಯವರ ಮನೆಯದು, ಡಯಲ್ ಮುಟ್ಟಿಲ್ಲ ಅಂತ ಬರೆದಿದ್ದೆ. ಧಾರವಾಡದ ಮೇಷ್ಟ್ರೊಬ್ಬರು 3,800ರವರೆಗೆ ಬಂದರು. ಅವರು ಕೇಳಿದ ಪ್ರಶ್ನೆಗಳಲ್ಲೇ ಗೊತ್ತಾಗುತ್ತಿತ್ತು, ವಾಚು ಬೇಕಾಗಿತ್ತು ಅವರಿಗೆ. ಕೊನೆ ಐದು ನಿಮಿಷದಲ್ಲಿ ಹೊಸ ಐಡಿಯೊಂದು ಬಂದು ಒಂದೇ ಏಟಿಗೆ 6,200 ಅಂತು. ನಾನು ಅಡುಗೆಮನೆಗೆ ಓಡಿ ಅಮ್ಮನಿಗೆ ತೋರಿಸಿದೆ. "ಅಷ್ಟೊಂದಾ?" ಅಂದರು, ಅಷ್ಟೇ. ಒಗ್ಗರಣೆ ಸೀದುಹೋಗುತ್ತಿತ್ತು.

ಮರುದಿನ ಗೆದ್ದವನು "ಸಂಬಳ ಆಗಲಿ" ಅಂದ. ನಾಲ್ಕನೇ ದಿನ "ಬ್ಯಾಂಕ್ ಸರ್ವರ್ ಡೌನ್". ವಾರ ಕಳೆದ ಮೇಲೆ "ಊರಲ್ಲಿ ಸಾವಾಗಿದೆ". ಸಾವು ಅಂದಮೇಲೆ ಹೇಗೆ ಒತ್ತಾಯ ಮಾಡೋದು, ಅಲ್ವಾ? ಹತ್ತನೇ ದಿನ ನನ್ನ ನಂಬರೇ ಬ್ಲಾಕ್. ಮೇಷ್ಟ್ರಿಗೆ ಫೋನ್ ಮಾಡಿದರೆ, "ಅಯ್ಯೋ, ಹೋದ ಭಾನುವಾರವೇ ಬೇರೆ ಕಡೆ ತಗೊಂಡುಬಿಟ್ಟೆ ಸರ್," ಅಂದರು. ಅವನು ನನ್ನ ಜೇಬಿಂದ ಒಂದು ರೂಪಾಯಿನೂ ಕದ್ದಿಲ್ಲ, ಸರಿ. ಆದರೆ ದುಡ್ಡು ಹಿಡಿದುಕೊಂಡು ನಿಂತಿದ್ದ ಗಿರಾಕಿಯನ್ನು ಕಳೆದ. ನನಗೆ ಇವತ್ತಿಗೂ ಉರಿಯೋದು ಅದಕ್ಕೆ.

ನಮ್ಮ ಚಿಕ್ಕಪ್ಪ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹಾಕೋರು. ಅವರಿಗೆ ಹೇಳಿದೆ. ನಕ್ಕುಬಿಟ್ಟರು. "ಅಲ್ಲಿ ಟೆಂಡರ್ ಹಾಕೋನು ಲೈಸೆನ್ಸ್ ಇರೋ ವರ್ತಕ ಕಣೋ. ಅವನ ಮಂಡಿ ಎದುರಿಗೇ ಇರುತ್ತೆ, ಓಡಿ ಎಲ್ಲಿಗೆ ಹೋಗ್ತಾನೆ? ನೀನು ಮುಖ ನೋಡದೋನಿಗೆ ಸವಾಲು ಬಿಟ್ಟಿದೀಯ."

ಎರಡನೇದು ಕಾಂಚನ್. ಕೀ ಕೊಡೋ ತಾಪತ್ರಯ ಇಲ್ಲದ ಆಟೊಮ್ಯಾಟಿಕ್. 500ಕ್ಕೆ ಶುರು ಮಾಡಿದೆ. ಒಬ್ಬ 600 ಅಂದ. ಹಿಂದೆಯೇ ಇನ್ನೊಬ್ಬ 7,500 ಅಂದ! ಉಳಿದವರೆಲ್ಲ ಕೈಕಟ್ಟಿ ಕೂತರು. ಅಷ್ಟಕ್ಕೆ ಯಾರು ಪೈಪೋಟಿ ಕೊಡುತ್ತಾರೆ? ಮುಗಿಯೋಕೆ ಹತ್ತು ನಿಮಿಷ ಇದೆ ಅನ್ನೋವಾಗ ಅವನಿಂದ ಮೆಸೇಜು: "ಸಾರಿ ಸಾರ್, ಸೊನ್ನೆ ಜಾಸ್ತಿ ಬಿತ್ತು, ನನ್ನ ಬಿಡ್ಡು ತೆಗೀರಿ." ಅಷ್ಟು ಹೊತ್ತಿಗೆ ಬೇರೆಯವರು ಮಲಗಿದ್ದರು. ಹರಾಜು 600ಕ್ಕೆ ಮುಗೀತು. ನಾನು ಮಾತಿಗೆ ತಪ್ಪಬಾರದು ಅಂತ ಕಳಿಸಿಯೂ ಬಿಟ್ಟೆ. ಎರಡು ದಿನ ಬಿಟ್ಟು ಟ್ರ್ಯಾಕಿಂಗ್ ನಂಬರ್ ಕೇಳಿಕೊಂಡು ಫೋನ್ ಬಂತು. ಮಾಡಿದ್ದು ಯಾರು ಗೊತ್ತಾ? ಸೊನ್ನೆ ಜಾಸ್ತಿ ಹಾಕಿದವನೇ! ಇಬ್ಬರೂ ಒಂದೇ ಮನೆಯವರೋ, ಒಬ್ಬನೇ ಎರಡು ಫೋನ್ ಇಟ್ಟುಕೊಂಡವನೋ, ದೇವರಿಗೇ ಗೊತ್ತು. ಒಂದು ದೊಡ್ಡ ಸವಾಲನ್ನು ಕೊಡೆ ಥರ ಹಿಡಿದು, ಅದರ ಕೆಳಗೆ ಚಿಕ್ಕ ಸವಾಲನ್ನು ನೆನೆಯದ ಹಾಗೆ ದಾಟಿಸೋ ಆಟ ಇದು.

ವಕೀಲ ಸ್ನೇಹಿತನ ಹತ್ತಿರ ಹೋದೆ. ಸರಕು ಮಾರಾಟ ಕಾಯ್ದೆ, 1930ರದ್ದು, 64ನೇ ಸೆಕ್ಷನ್ ತೆಗೆದು ತೋರಿಸಿದ. ಸುತ್ತಿಗೆ ಬಡಿದು ಹರಾಜು ಮುಗೀತು ಅನ್ನೋ ತನಕ ಸವಾಲು ವಾಪಸ್ ತಗೊಳ್ಳಬಹುದು ಅಂತಲೇ ಇದೆ ಅಲ್ಲಿ. ಹಾಗಾದರೆ ನಾನೂ ಭಾವಮೈದನ ಐಡಿಯಿಂದ ರೇಟು ಏರಿಸ್ತೀನಿ ಅಂದೆ. ಅವನು ಅದೇ ಸೆಕ್ಷನ್ನಿನ ಕೆಳಗೆ ಬೆರಳಿಟ್ಟ. ಮಾರೋನು ಮೊದಲೇ ತಿಳಿಸದೆ ತಾನೇ ಸವಾಲು ಹಾಕಿದರೆ, ಹಾಕಿಸಿದರೆ, ಕೊಂಡವನು ಅದನ್ನು ಮೋಸ ಅನ್ನಬಹುದು. ಸುಮ್ನೆ ಟೀ ಕುಡಿದು ಎದ್ದು ಬಂದೆ.

ನಕಲಿ ಪೇಮೆಂಟ್ ಸ್ಕ್ರೀನ್‌ಶಾಟ್ ಕಳಿಸೋರು, "ದುಡ್ಡು ಬರಬೇಕಂದ್ರೆ ಪಿನ್ ಹಾಕಿ ಸಾರ್" ಅನ್ನೋರು ಬಗ್ಗೆ ನಿಮಗೆ ಗೊತ್ತೇ ಇರುತ್ತೆ. ಯುಪಿಐ ಪಿನ್ ಹಾಕೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ. ಸ್ಕ್ರೀನ್‌ಶಾಟ್ ಬಿಡಿ, ನಿಮ್ಮ ಬ್ಯಾಂಕ್ ಆ್ಯಪಿನಲ್ಲಿ ದುಡ್ಡು ಕಂಡ ಮೇಲೆ ಪಾರ್ಸೆಲ್ ಕಟ್ಟಿ. ಹಣ ಹೋಗೇಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಕಾಯ್ದೆಯ ಇಸವಿ, ಸೈಬರ್ ಸಹಾಯವಾಣಿ ಎರಡೂ ಒಂದೇ ನಂಬರು, ಮರೆಯೋ ಹಾಗೇ ಇಲ್ಲ.

ಮೂರನೇದು ಹೊಟ್ಟೆ ಉರಿಸಿದ್ದು. ತೆಳ್ಳಗಿರೋ ಸೋನಾ. ಗೆದ್ದವನು ಪೂರ್ತಿ ದುಡ್ಡು ಕೊಟ್ಟ, ನಾನೂ ಖುಷಿಯಾದೆ. ಐದು ದಿನಕ್ಕೆ "ವಾಚು ನಿಂತಿದೆ, ವಾಪಸ್ ತಗೊಳ್ಳಿ" ಅಂದ. ಹೆಸರು ಕೆಡಿಸಿಕೊಳ್ಳೋದು ಬೇಡ ಅಂತ ದುಡ್ಡು ವಾಪಸ್ ಹಾಕಿ, ವಾಚು ತರಿಸಿಕೊಂಡೆ. ಹೊರಗಿಂದ ನಮ್ಮದೇ. ಡಯಲ್ ನಮ್ಮದು, ಗಾಜಿನ ಮೇಲಿನ ಗೀರೂ ನಮ್ಮದು. ಅಮ್ಮ ಹಿಂದಿನ ಮುಚ್ಚಳ ತೆಗೆದು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕಿಟಕಿ ಬೆಳಕಿಗೆ ಹಿಡಿದರು. ಹತ್ತು ಸೆಕೆಂಡ್ ಆಗಿರಬೇಕು. "ಇದು ನಮ್ಮ ಮೆಷಿನ್ ಅಲ್ಲ ಕಣೋ. ಸ್ಕ್ರೂ ತಲೆ ನೋಡು, ಇಲಿ ಕಡಿದ ಹಾಗಿದೆ. ನನ್ನ ಕೈಯಲ್ಲಿ ಯಾವತ್ತಾದರೂ ಸ್ಕ್ರೂ ಹೀಗಾಗಿದ್ದುಂಟಾ?" ಒಳಗಿನ ಒಳ್ಳೆ ಮೆಷಿನ್ ಬಿಚ್ಚಿಕೊಂಡು, ಕೆಟ್ಟಿದ್ದನ್ನು ತುರುಕಿ ಕಳಿಸಿದ್ದ. ಸಾಬೀತು ಮಾಡೋಕೆ ನನ್ನ ಹತ್ತಿರ ಒಳಗಿನ ಒಂದು ಫೋಟೋನೂ ಇರಲಿಲ್ಲ.

ಈಗ ಷರತ್ತುಗಳನ್ನು ಫೋಟೋ ಜೊತೆಗೇ ಹಾಕುತ್ತೇನೆ. 2,000 ದಾಟಿ ಸವಾಲು ಹಾಕೋ ಹೊಸಬರು 500 ರೂಪಾಯಿ ಮುಂಗಡ ಕೊಡಬೇಕು. ಸೋತವರಿಗೆ ಅದೇ ರಾತ್ರಿ ವಾಪಸ್. ಇದೊಂದಕ್ಕೇ ಅರ್ಧ ಜನ ಮಾಯವಾದರು, ಹೋಗಲಿ ಬಿಡಿ. ಗೆದ್ದವರು 48 ಗಂಟೆಯೊಳಗೆ ಪೂರ್ತಿ ಕೊಡಬೇಕು. ಇಲ್ಲದಿದ್ದರೆ ವಾಚು ಎರಡನೆಯವರಿಗೆ, ಅವರು ಕೂಗಿದ ಬೆಲೆಗೇ. ಹರಾಜು ಮುಗಿದ ತಕ್ಷಣ ಆ ಎರಡನೆಯವರಿಗೆ ನಾನೇ ಮೆಸೇಜು ಹಾಕುತ್ತೇನೆ: "ಎರಡು ದಿನ ಕಾಯ್ತೀರಾ?" ಮೇಷ್ಟ್ರಿಗೆ ಆವತ್ತು ಈ ಒಂದು ಸಾಲು ಹಾಕಿದ್ದರೆ ಪೈಲಟ್ ಈಗ ಧಾರವಾಡದಲ್ಲಿರುತ್ತಿತ್ತು. ಕೊನೆ ಒಂದು ಗಂಟೆಯಲ್ಲಿ ಯಾರಾದರೂ ಸವಾಲು ಹಿಂತೆಗೆದರೆ ಹರಾಜು ಮುಂದಿನ ದಿನಕ್ಕೆ ಹೋಗುತ್ತೆ. ಮುಗಿಯೋ ಟೈಮು ಮಧ್ಯರಾತ್ರಿ ಇಡೋದನ್ನೂ ಬಿಟ್ಟೆ. ರಾತ್ರಿ 8 ಗಂಟೆ, ಎಲ್ಲರೂ ಎಚ್ಚರ ಇರೋ ಹೊತ್ತು.

ಕಳಿಸೋ ಮುಂಚೆ ಮುಚ್ಚಳ ತೆಗೆದು, ಒಳಗಿನ ಮೆಷಿನ್ನು, ಪಕ್ಕದಲ್ಲಿ ತಾರೀಖು ಬರೆದ ಚೀಟಿ, ಆಮೇಲೆ ಡಬ್ಬಿಗೆ ಟೇಪು ಸುತ್ತೋವರೆಗೆ ಒಂದೇ ವಿಡಿಯೋ. ಮೆಷಿನ್ ಹಿಡಿದಿರೋ ಸ್ಕ್ರೂ ಮೇಲೆ ಅಮ್ಮ ಸೂಜಿ ಮೊನೆಯಿಂದ ನನ್ನ ಮಗಳ ನೇಲ್ ಪಾಲಿಶ್ ಒಂದು ಚುಕ್ಕಿ ಇಡುತ್ತಾರೆ. ಬಿಚ್ಚಿದರೆ ಚುಕ್ಕಿ ಒಡೆಯುತ್ತೆ. ಮೊನ್ನೆ ಕೊಂಡವರೊಬ್ಬರು ಫೋನ್ ಮಾಡಿ, ಒಳಗೊಂದು ಕೆಂಪು ಚುಕ್ಕಿ ಇದೆಯಲ್ಲ, ಫ್ಯಾಕ್ಟರಿ ಮಾರ್ಕಾ ಅಂತ ಕೇಳಿದರು. ಅಸೆಂಬ್ಲಿಯವರೇ ಇಟ್ಟಿದ್ದು ಅಂದೆ.