ಟ್ಯಾಂಕ್ ತುಕ್ಕಿಗೆ ಯಾವುದು ಮದ್ದು? ವಿನೆಗರ್, ನಿಂಬೆ ಉಪ್ಪು, ಕರೆಂಟು, ಕಾಕಂಬಿ

ನನ್ನ ಯಮಹಾ ಆರ್‌ಎಕ್ಸ್ 100 ಮೊದಲ ಸಲ ಕೈಕೊಟ್ಟಿದ್ದು ಪಾಂಡವಪುರದ ರಸ್ತೆಯಲ್ಲಿ. ಅರವತ್ತರಲ್ಲಿ ಚೆನ್ನಾಗಿಯೇ ಹೋಗುತ್ತಿದ್ದ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹತ್ತು ನಿಮಿಷ ಬಿಟ್ಟು ಒದ್ದರೆ ಸ್ಟಾರ್ಟ್ ಆಗುತ್ತದೆ. ಎರಡು ಕಿಲೋಮೀಟರ್ ಹೋಗುತ್ತದೆ. ಮತ್ತೆ ಅದೇ ಕತೆ.

ಹಾಗೂ ಹೀಗೂ ಮೈಸೂರಿಗೆ ತಂದು ಕಾರ್ಬೊರೇಟರ್ ಬಿಚ್ಚಿದೆ. ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನ ತಳದಲ್ಲಿ ರಾಗಿ ಹಿಟ್ಟು ಕದಡಿದ ಹಾಗೆ ಕಂದು ಮಡ್ಡಿ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಅಂಟಿಕೊಂಡಿತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ ಎತ್ತಿ ಬೆಳಕಿಗೆ ಹಿಡಿದರೆ ತೂತು ಅರ್ಧ ಮುಚ್ಚಿತ್ತು. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ಒಳಗೆಲ್ಲ ಕೆಮ್ಮಣ್ಣು ಬಳಿದ ಗೋಡೆ.

ಟೂ ಸ್ಟ್ರೋಕ್ ಗಾಡಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಜೆಟ್ ಕಟ್ಟಿಕೊಂಡರೆ ಪೆಟ್ರೋಲ್ ಕಡಿಮೆ ಬೀಳುತ್ತದೆ, ಗಾಳಿ ಜಾಸ್ತಿಯಾಗುತ್ತದೆ, ಎಂಜಿನ್ ಕಾಯುತ್ತದೆ. ಆಯಿಲ್ ಪಂಪ್ ಸರಿಯಾಗಿ ಆಯಿಲ್ ಬಿಡುತ್ತಿದ್ದರೂ ಪಿಸ್ಟನ್ ಹಿಡಿದುಕೊಳ್ಳಬಹುದು. ಟ್ಯಾಂಕಿನ ತುಕ್ಕನ್ನು ಬಿಟ್ಟು ಬರೀ ಕಾರ್ಬೊರೇಟರ್ ತೊಳೆದರೆ ತಿಂಗಳಿಗೊಮ್ಮೆ ಅದೇ ಕೆಲಸ ಮಾಡುತ್ತಾ ಕೂರಬೇಕು.

ಈಗ ಅದೇನು ಶಾಪವೋ, ಮನೆಯಲ್ಲಿ ಇಂಥ ಮೂರು ಗಾಡಿಗಳಿವೆ. ನನ್ನ ಆರ್‌ಎಕ್ಸ್. ಚಿಕ್ಕಪ್ಪ ಕೊಟ್ಟ ಇಂಡ್ ಸುಜುಕಿ ಎಎಕ್ಸ್ 100. ಸಕಲೇಶಪುರದ ಮಾವನ ಹೀರೋ ಹೋಂಡಾ ಸಿಡಿ 100. ಇಂಡ್ ಸುಜುಕಿ 1984ರಲ್ಲಿ ಬಂತು, ನಮ್ಮ ಪಕ್ಕದ ಹೊಸೂರಿನಲ್ಲೇ ತಯಾರಾಗುತ್ತಿತ್ತು. ಸಿಡಿ 100, ಆರ್‌ಎಕ್ಸ್ ಎರಡೂ 1985ರಲ್ಲಿ ಬಂದವು. ಜಪಾನಿನ ಎಂಜಿನ್ ಅಂದರೆ ಏನು ಅಂತ ನಮ್ಮ ಊರುಗಳಿಗೆ ಗೊತ್ತಾಗಿದ್ದು ಈ ಮೂರರಿಂದಲೇ. ಎಂಜಿನ್‌ಗಳು ಇವತ್ತಿಗೂ ಗಟ್ಟಿ. ಟ್ಯಾಂಕ್ ಮಾತ್ರ ತಗಡು ತಾನೇ.

ಆರ್‌ಎಕ್ಸ್ ಟ್ಯಾಂಕನ್ನು ಮೊದಲು ಒಬ್ಬ ಮೆಕ್ಯಾನಿಕ್ ಕೈಗೆ ಕೊಟ್ಟೆ. ‘ಸಾರ್, ಅರ್ಧ ಗಂಟೆ ಕೆಲಸ’ ಅಂದರು. ಬಚ್ಚಲು ತೊಳೆಯುವ ಆಸಿಡ್ ಸುರಿದರು. ನಿಜ ಹೇಳಬೇಕೆಂದರೆ ಅರ್ಧ ಗಂಟೆಯಲ್ಲಿ ತುಕ್ಕು ಹೋಯಿತು, ಒಳಗೆ ಬೆಳ್ಳಿ ಹಾಗೆ ಹೊಳೆಯಿತು. ಮನೆಗೆ ತಂದು ಪೆಟ್ರೋಲ್ ತುಂಬಿಸಿದೆ. ಬೆಳಿಗ್ಗೆ ಎದ್ದರೆ ಟ್ಯಾಂಕಿನ ಕೆಳ ಅಂಚಿನಲ್ಲಿ ಸಾಲಾಗಿ ಬೆವರು ಹನಿ. ಸೂಜಿ ಮೊನೆಯಷ್ಟು ತೂತುಗಳು, ಏಳೋ ಎಂಟೋ. ಆ ಆಸಿಡ್‌ಗೆ ತುಕ್ಕು ಯಾವುದು, ತಗಡು ಯಾವುದು ಅಂತ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ಮುಚ್ಚಳದ ಸುತ್ತ ಬಣ್ಣವೂ ಸುಟ್ಟಿತ್ತು. ಪೀಕಾಕ್ ಬ್ಲೂ, ಕಂಪನಿ ಬಣ್ಣ. ಆ ಸಂಕಟವನ್ನು ಆರ್‌ಎಕ್ಸ್ ಇಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಟ್ಯಾಂಕ್ ಹುಡುಕಲು ಆರು ತಿಂಗಳಾಯಿತು. ಸಿಕ್ಕಿದ್ದರ ಒಳಗೂ ತುಕ್ಕೇ. ಈ ಸಲ ಕುರುಡಾಗಿ ಯಾರ ಮಾತೂ ಕೇಳಬಾರದು ಅಂತ ನಿರ್ಧರಿಸಿ ಗುಜರಿ ಅಂಗಡಿಯಿಂದ ಒಂದು ಕೆಲಸಕ್ಕೆ ಬಾರದ ಟ್ಯಾಂಕ್ ತಂದೆ. ವರ್ಷಗಟ್ಟಲೆ ಮಳೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಟ್ಯಾಂಕ್. ಆದರೂ ನೀರು ತುಂಬಿಸಿಯೇ ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದೆ. ಹಳೇ ಪೆಟ್ರೋಲ್ ಟ್ಯಾಂಕಿಗೆ ಯಾರೂ ಗ್ರೈಂಡರ್ ಹಿಡಿಯಬೇಡಿ, ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು. ಒಂದೇ ಥರ ತುಕ್ಕು ಹಿಡಿದ ನಾಲ್ಕು ತುಂಡು ಆರಿಸಿ, ಹಿತ್ತಿಲಲ್ಲಿ ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಹಾಕಿದೆ.

ಒಂದರಲ್ಲಿ ಬಿಳಿ ವಿನೆಗರ್. ಇನ್ನೊಂದರಲ್ಲಿ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು, ಲೀಟರ್ ಬಿಸಿನೀರಿಗೆ 70 ಗ್ರಾಂ. ಮೂರನೆಯದರಲ್ಲಿ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್. ನಾಲ್ಕನೆಯದರಲ್ಲಿ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಮಂದ ಪಾಕ (ಮೊಲಾಸಸ್), ಒಂದು ಪಾಲಿಗೆ ಒಂಬತ್ತು ಪಾಲು ನೀರು.

ಕರೆಂಟಿನದು ಆರು ಗಂಟೆಯಲ್ಲಿ ಮುಗಿಯಿತು. ನಿಂಬೆ ಉಪ್ಪಿಗೆ ಒಂದು ರಾತ್ರಿ. ವಿನೆಗರ್‌ಗೆ ಮೂರು ದಿನ. ಕಾಕಂಬಿಗೆ ಎಂಟು ದಿನ. ಬರೀ ಗಡಿಯಾರ ನೋಡಿದರೆ ತೀರ್ಪು ಸುಲಭ, ಅಲ್ವಾ? ನಿಜವಾದ ಟ್ಯಾಂಕಿಗೆ ಹಾಕಿದಾಗ ಲೆಕ್ಕ ಬೇರೆಯೇ ಆಯಿತು.

ವಿನೆಗರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾವನ ಸಿಡಿ 100 ಟ್ಯಾಂಕಿಗೆ ಹಾಕಿದೆ. ಆ ಗಾಡಿಗೆ ‘ತುಂಬಿಸಿ, ಮುಚ್ಚಿ, ಮರೆತುಬಿಡಿ’ ಅಂತ ಜಾಹೀರಾತು ಬರುತ್ತಿತ್ತು. ಮಾವ ಅಕ್ಷರಶಃ ಪಾಲಿಸಿದ್ದರು. ಕಾಫಿ ಗೋಡೌನಿನ ಮೂಲೆಯಲ್ಲಿ ಹನ್ನೆರಡು ವರ್ಷ ಮರೆತಿದ್ದರು. ಟ್ಯಾಂಕ್ ತುಂಬಲು 700 ಎಂಎಲ್‌ನ ಹದಿನಾಲ್ಕು ಬಾಟಲಿ ಬೇಕಾಯಿತು. ಗೋಬಿ ಮಂಚೂರಿ ಗಾಡಿ ಇಟ್ಟಿದ್ದೀರಾ ಅಂತ ಅಂಗಡಿಯವರು ಕೇಳಿದರು. ನಾಲ್ಕು ದಿನ ಆದಮೇಲೆ ತೆಳು ತುಕ್ಕು ಹೋಗಿತ್ತು, ದಪ್ಪ ಹೊಪ್ಪಳೆ ಹಾಗೇ ಇತ್ತು. ಅದರಲ್ಲಿರುವ ಆಸಿಡ್ ನೂರಕ್ಕೆ ನಾಲ್ಕೈದು ಭಾಗ ಅಷ್ಟೇ. ಮತ್ತೇನು ಆಗುತ್ತದೆ? ಆ ವಾಸನೆಯಂತೂ ಒಂದು ವಾರ ಹಿತ್ತಿಲು ಬಿಟ್ಟು ಕದಲಲಿಲ್ಲ. ದುಡ್ಡೂ ದಂಡ.

ಅದೇ ಟ್ಯಾಂಕಿಗೆ ಆಮೇಲೆ ನಿಂಬೆ ಉಪ್ಪು ಹಾಕಿದೆ. ಗ್ರಂಧಿಗೆ ಅಂಗಡಿಯಲ್ಲಿ ಒಂದು ಕೆಜಿ ತಂದರೆ ಒಂದು ಟ್ಯಾಂಕಿಗೆ ಆಗಿ ಮಿಗುತ್ತದೆ, ಖರ್ಚು ವಿನೆಗರ್‌ನ ಅರ್ಧವೂ ಇಲ್ಲ. ಟ್ಯಾಂಕಿನ ಅಡಿಯ ನಲ್ಲಿ, ಅಂದರೆ ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತಿಗೆ ಹಳೇ ಟ್ಯೂಬಿನ ತುಂಡು ಮತ್ತು ಒಂದು ತಗಡಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿದೆ. ಒಳಗೆ ಒಂದು ಹಿಡಿ ಹಳೇ ನಟ್ಟುಗಳನ್ನು ಹಾಕಿ, ಸೋಪಿನ ನೀರಲ್ಲಿ ಕುಲುಕಿ ಜಿಡ್ಡು ತೆಗೆದೆ. ಜಿಡ್ಡು ಇದ್ದ ಜಾಗಕ್ಕೆ ಆಸಿಡ್ ಹಿಡಿಯುವುದೇ ಇಲ್ಲ, ಇದು ತುಂಬಾ ಜನ ಬಿಡುವ ಹೆಜ್ಜೆ. ಆಮೇಲೆ ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಬಾಯಿವರೆಗೆ ತುಂಬಿಸಿದೆ. ಬಣ್ಣಕ್ಕೆ ತಾಗದಿರಲಿ ಅಂತ ಮುಚ್ಚಳದ ಸುತ್ತ ವ್ಯಾಸಲೀನ್ ಬಳಿದೆ. ಸಂಜೆ ಹಾಕಿದ್ದು, ಮಾರನೇ ದಿನ ಸಂಜೆ ಚೆಲ್ಲಿದಾಗ ಡಿಕಾಕ್ಷನ್ ಬಣ್ಣದ ನೀರು ಬಂತು. ಒಳಗೆ ಮಾಸಲು ಬೂದು ಬಣ್ಣದ ಶುದ್ಧ ತಗಡು.

ಇದರ ಐಬು ಒಂದೇ. ಮರೆತು ಎರಡು ಮೂರು ದಿನ ಬಿಟ್ಟರೆ ಇದೂ ತಗಡನ್ನು ಕೆರೆಯಲು ಶುರುಮಾಡುತ್ತದೆ. ಬಕೆಟ್‌ನ ತುಂಡನ್ನು ಬೇಕಂತಲೇ ನಾಲ್ಕು ದಿನ ಬಿಟ್ಟು ನೋಡಿದೆ. ಮೇಲ್ಮೈ ಮರಳು ಕಾಗದದ ಹಾಗೆ ಒರಟಾಗಿತ್ತು.

ಕರೆಂಟಿನ ವಿದ್ಯೆಯ ಮೇಲೆ ನನಗೆ ಮೊದಲಿಂದ ಮೋಹ. ಚಾರ್ಜರ್‌ನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೆ. ಸರಳು ಟ್ಯಾಂಕಿಗೆ ಎಲ್ಲೂ ತಾಗಬಾರದು. ಉಲ್ಟಾ ಕೊಟ್ಟರೆ ಟ್ಯಾಂಕೇ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಸ್ಪೂನು, ಸರಳು ಬೇಡ, ಅದರಲ್ಲಿರುವ ಕ್ರೋಮಿಯಂ ನೀರಿಗೆ ವಿಷ ಬಿಡುತ್ತದೆ. ಕಟ್ಟಡದ ಕಬ್ಬಿಣದ ಸರಳೇ ಸರಿ. ಹೊಸ ಕಾಲದ ಚಾರ್ಜರ್‌ಗಳು ಬ್ಯಾಟರಿ ಕಾಣದಿದ್ದರೆ ಕೆಲಸವನ್ನೇ ಶುರುಮಾಡುವುದಿಲ್ಲ. ನನ್ನದು ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಚಾರ್ಜರ್, ಗುಂಯ್ ಅಂತ ಸದ್ದು ಮಾಡಿಕೊಂಡು ನಡೆಯಿತು.

ಆದರೆ ಬಕೆಟ್‌ನಲ್ಲೇ ಒಂದು ಸುಳಿವು ಸಿಕ್ಕಿತ್ತು. ಸರಳಿಗೆ ಮುಖ ಮಾಡಿದ್ದ ಬದಿ ಆರು ಗಂಟೆಯಲ್ಲಿ ಕಪ್ಪಗಾಗಿ, ಬ್ರಷ್ ಎಳೆದರೆ ತುಕ್ಕು ಪುಡಿಯಾಗಿ ಉದುರಿತು. ಹಿಂಬದಿ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಕರೆಂಟು ಎದುರಿಗೆ ಕಂಡ ಜಾಗದಲ್ಲಿ ಚೆನ್ನಾಗಿ ದುಡಿಯುತ್ತದೆ, ಮರೆಯಲ್ಲಿರುವುದಕ್ಕೆ ಮೈಗಳ್ಳತನ ಮಾಡುತ್ತದೆ. ಬೈಕಿನ ಟ್ಯಾಂಕ್ ಅಂದರೆ ಫ್ರೇಮಿನ ಮೇಲೆ ಕಾಲು ಇಳಿಬಿಟ್ಟು ಕೂತ ಆಕಾರ. ನಡುವೆ ಗುಬ್ಬ, ಎರಡೂ ಕಡೆ ಹೊಂಡ. ಸರಳನ್ನು ಎಲ್ಲಿ ಇಳಿಬಿಟ್ಟರೂ ಯಾವುದಾದರೂ ಒಂದು ಮೂಲೆ ಮರೆಯಾಗುತ್ತದೆ. ಇಂಡ್ ಸುಜುಕಿ ಟ್ಯಾಂಕಿಗೆ ಸರಳನ್ನು ಬಗ್ಗಿಸಿ, ಸರಿಸಿ, ಮಧ್ಯೆ ಮಧ್ಯೆ ತೆಗೆದು ಕೆರೆದು, ಎರಡು ಭಾನುವಾರ ಕಳೆದೆ. ದಪ್ಪ ಪದರ ಎಲ್ಲ ಎದ್ದು ಬಂತು, ಅದನ್ನು ಒಪ್ಪಬೇಕು. ಒಳ್ಳೆ ತಗಡು ಒಂದಿಷ್ಟೂ ಸವೆಯಲಿಲ್ಲ. ಆದರೆ ಕಾಕ್ ಇಲ್ಲದ ಬದಿಯ ಹೊಂಡ, ನೀರು ನಿಂತು ಅತಿ ಹೆಚ್ಚು ತುಕ್ಕು ಹಿಡಿಯುವ ಜಾಗವೇ ಅದು, ಅರೆಬರೆ ಉಳಿಯಿತು. ಕೊನೆಗೆ ಅದಕ್ಕೂ ನಿಂಬೆ ಉಪ್ಪೇ ಬಂತು. ಇನ್ನೊಂದು ಮಾತು. ಗುಳ್ಳೆ ಗುಳ್ಳೆಯಾಗಿ ಬರುವುದು ಹೈಡ್ರೋಜನ್. ಪೆಟ್ರೋಲ್ ವಾಸನೆ ಪೂರ್ತಿ ಹೋಗಿರಬೇಕು, ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡ. ಕ್ಲಿಪ್ ಕೀಳುವ ಮೊದಲು ಸ್ವಿಚ್ ಆಫ್ ಮಾಡಿ.

ಕಾಕಂಬಿಯನ್ನು ನಾನು ಆರ್‌ಎಕ್ಸ್‌ಗೆ ಮೀಸಲಿಟ್ಟಿದ್ದೆ. ದನದ ಮೇವಿಗೆ ಬೆರೆಸಲು ಪಶು ಆಹಾರದ ಅಂಗಡಿಯಲ್ಲಿ ಮಾರುತ್ತಾರೆ, ಒಂದು ಕ್ಯಾನ್ ತಂದೆ. ಆಸಿಡ್ ಹಾಗೆ ಸುಟ್ಟು ತೆಗೆಯುವ ಕೆಲಸ ಇದರದಲ್ಲ. ಅದರಲ್ಲಿರುವ ಕೆಲವು ಅಂಶಗಳು ತುಕ್ಕಿನಲ್ಲಿರುವ ಕಬ್ಬಿಣವನ್ನು ಮೆಲ್ಲಗೆ ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಗಟ್ಟಿ ತಗಡಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಬಣ್ಣಕ್ಕೂ ಏನೂ ಮಾಡಲಿಲ್ಲ. ಅಲ್ಯುಮಿನಿಯಂ ಮಾತ್ರ ಹಾಕಬೇಡಿ. ಸುಮ್ನೆ ನೋಡೋಣ ಅಂತ ಒಂದು ಹಳೇ ಕಾರ್ಬೊರೇಟರ್ ಬೌಲ್ ಮುಳುಗಿಸಿ ಹಾಳುಮಾಡಿಕೊಂಡೆ.

ಹನ್ನೆರಡು ದಿನ ಇಟ್ಟೆ. ಮೂರನೇ ದಿನಕ್ಕೆ ನೊರೆ ಎದ್ದಿತು, ಹುಳಿ ಹುಳಿ ವಾಸನೆ ಶುರುವಾಯಿತು. ಮುಚ್ಚಳ ಬಿಗಿದಿದ್ದರೆ ಏನಾಗುತ್ತಿತ್ತೋ, ಬಟ್ಟೆ ಕಟ್ಟಿದ್ದೆ. ಐದನೇ ದಿನ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, ‘ಏನ್ ಸಾರ್, ಬಟ್ಟಿ ಇಳಿಸ್ತಾ ಇದೀರಾ?’ ಅಂದರು. ಇರುವೆಗಳ ಕತೆ ಬೇರೆ. ಟ್ಯಾಂಕಿಟ್ಟ ಸ್ಟೂಲಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಬೇಕಾಯಿತು, ನಮ್ಮಜ್ಜಿ ಹಾಲಿನ ಬೀರುವಿಗೆ ಇಡುತ್ತಿದ್ದ ಹಾಗೆ.

ಹದಿಮೂರನೇ ದಿನ ಚೆಲ್ಲಿ, ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟೆ. ಕಪ್ಪು ಲೋಳೆ ಕಳಚಿಕೊಂಡು ಬಂತು. ಕಾಕ್ ಇಲ್ಲದ ಬದಿಯ ಹೊಂಡದಲ್ಲೂ, ಬೆಸುಗೆಯ ಹೊಲಿಗೆ ಅಂಚಿನ ಸಂದಿಯಲ್ಲೂ ತಗಡು ಕಂಡಿತು. ನಾಲ್ಕು ವಿಧಾನಗಳಲ್ಲಿ ಅಷ್ಟು ಸಮವಾಗಿ ಶುಚಿಯಾದ ಟ್ಯಾಂಕ್ ಇದೊಂದೇ.

ತಮಾಷೆ ನೋಡಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರಬಹುದು. ಆ ಎಥನಾಲ್‌ನಲ್ಲಿ ಒಂದಷ್ಟು ತಯಾರಾಗುವುದು ಸಕ್ಕರೆ ಕಾರ್ಖಾನೆಯ ಇದೇ ಕಾಕಂಬಿಯಿಂದ. ತುಕ್ಕು ಹಿಡಿಸುವುದೂ ಕಬ್ಬೇ, ಬಿಡಿಸುವುದೂ ಕಬ್ಬೇ.

ಯಾವುದನ್ನೇ ಹಾಕಿ, ಕೆಡುವುದು ಆಮೇಲಿನ ಅರ್ಧ ಗಂಟೆಯಲ್ಲಿ. ತುಕ್ಕು ಬಿಟ್ಟ ಬೆತ್ತಲೆ ತಗಡು ಒದ್ದೆಯಾಗಿದ್ದರೆ ನೋಡನೋಡುತ್ತಲೇ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಸಿಡಿ 100 ಟ್ಯಾಂಕ್ ಚೆಲ್ಲಿ, ಒಳಗೆ ಹೋಗಿ ಕಾಫಿ ಕುಡಿದು ಬಂದೆ ಅಷ್ಟೇ. ಮತ್ತೆ ಮೊದಲಿಂದ. ಈಗ ಎಲ್ಲ ಪಕ್ಕದಲ್ಲೇ ಜೋಡಿಸಿಕೊಂಡು ಕೂರುತ್ತೇನೆ. ಆಸಿಡ್ ಚೆಲ್ಲಿದ ತಕ್ಷಣ ನೀರು, ಆಮೇಲೆ ಅಡುಗೆ ಸೋಡಾ ಕಲಸಿದ ನೀರು, ಮತ್ತೆ ಬಿಸಿನೀರು, ತಡಮಾಡದೆ ಹೆಂಡತಿಯ ಹೇರ್ ಡ್ರೈಯರ್. ಒಣಗಿದ ಮೇಲೆ ಒಂದು ಲೋಟ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಆಯಿಲ್) ಸುರಿದು ಎಲ್ಲ ಮೂಲೆಗೂ ತಾಗುವಂತೆ ಉರುಳಾಡಿಸುವುದು. ಸಿಡಿ ಫೋರ್ ಸ್ಟ್ರೋಕ್ ಆದರೂ ಅದೇ ಆಯಿಲ್ ಹಾಕಿದೆ, ಮಿಕ್ಕಿದ್ದನ್ನು ಬಸಿದೆ. ಒಂದು ದಿನ ಹೊಗೆ ಬಿಟ್ಟು ಸುಮ್ಮನಾಯಿತು.

ಒಳಗೆ ಲೇಪ ಹಾಕುವ ಕಿಟ್ ಸಿಗುತ್ತದೆ. ಇಂಡ್ ಸುಜುಕಿಗೆ ಹಾಕಿ ನೋಡಿದೆ, ಎರಡು ವರ್ಷದಲ್ಲಿ ಹಾಲಿನ ಕೆನೆಯ ಹಾಗೆ ಎದ್ದು ಬಂದು ಕಾಕ್ ಕಟ್ಟಿಕೊಂಡಿತು. ತೂತಿಲ್ಲದ ಟ್ಯಾಂಕಿಗೆ ಅದು ಬೇಡವೇ ಬೇಡ ಅನ್ನುತ್ತೇನೆ.

ಯಾರಾದರೂ ಕೇಳಿದರೆ ನಾನು ಹೇಳುವುದು ನಿಂಬೆ ಉಪ್ಪು. ಅಗ್ಗ, ಒಂದು ದಿನದ ಕೆಲಸ, ವಾಸನೆಯಿಲ್ಲ. ಹೊಪ್ಪಳೆ ಗಟ್ಟಿಯಿದ್ದರೆ ಮೊದಲು ಕರೆಂಟು, ಆಮೇಲೆ ನಿಂಬೆ ಉಪ್ಪು. ಕಂಪನಿ ಬಣ್ಣ ಇನ್ನೂ ಮೈಮೇಲಿರುವ, ತಗಡು ತೆಳುವಾಗಿರುವ ಟ್ಯಾಂಕಾದರೆ ಕಾಕಂಬಿಯನ್ನು ಬಿಟ್ಟು ಬೇರೇನೂ ಹಾಕಬೇಡಿ, ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಪ್ರತಿ ಆಯುಧಪೂಜೆಗೆ ಗಾಡಿ ತೊಳೆಯುವಾಗ ಆರ್‌ಎಕ್ಸ್ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಮೂರು ವರ್ಷದಿಂದ ಬೂದು ಬಣ್ಣವೇ ಇದೆ. ಈ ಸಲ ಗುಬ್ಬದ ಮುಂದುಗಡೆ, ಹೊಲಿಗೆಯ ಹತ್ತಿರ, ಸಾಸಿವೆ ಕಾಳಿನಷ್ಟು ಒಂದು ಕೆಂಪು ಚುಕ್ಕೆ ಕಂಡಿತು. ಪೂಜೆಗೆ ತಂದಿದ್ದ ಕುಂಕುಮ ಬಿತ್ತೇನೋ ಅಂತ ಕಡ್ಡಿ ಹಾಕಿ ಕೆರೆದು ನೋಡಿದೆ. ಕುಂಕುಮವಲ್ಲ.