ನಾಲ್ಕು ವರ್ಷ ಬಳಸಿದ ಕ್ಯಾರವಾನ್ ಜನರೇಟರ್: ಕೈಕೊಟ್ಟದ್ದು ಘಟ್ಟದ ಚಳಿಯಲ್ಲಿ, ಕೆಟ್ಟದ್ದು ಉಡುಪಿಯ ಮಳೆಗಾಲದಲ್ಲಿ

ನಮ್ಮ ಕ್ಯಾರವಾನಿನ ಹಿಂಬದಿಯ ಪೆಟ್ಟಿಗೆಯಲ್ಲಿ ಕೂರಿಸಿರುವ 2.8 ಕಿಲೋವ್ಯಾಟ್ ಪೆಟ್ರೋಲ್ ಜನರೇಟರಿಗೆ ಈ ನವೆಂಬರಿನಲ್ಲಿ ನಾಲ್ಕು ವರ್ಷ ತುಂಬಿತು. ಓಡಿದ ಗಂಟೆಗಳನ್ನು ಎಣಿಸುವ ಮೀಟರ್ 312 ತೋರಿಸುತ್ತಿದೆ. ಸದ್ದು ಎಷ್ಟು, ತೂಕ ಎಷ್ಟು, ಲೀಟರಿಗೆ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೆಲ್ಲ ಕೊಳ್ಳಲು ಹೊರಟವರು ಈಗಾಗಲೇ ನೋಡಿಕೊಂಡಿರುತ್ತಾರೆ. ನಾನು ಬರೆಯಬೇಕೆಂದುಕೊಂಡಿರುವುದು ಚಳಿಯ ಮುಂಜಾವಿನಲ್ಲಿ ಇದನ್ನು ಚಾಲೂ ಮಾಡುವ ವಿಚಾರ. ಆ ಒಂದು ವಿಚಾರದಲ್ಲಿ ಇದು ನನ್ನನ್ನು ಬಹಳ ನೋಯಿಸಿದೆ, ಆಮೇಲೆ ಬಹಳ ಸಂತೋಷವನ್ನೂ ಕೊಟ್ಟಿದೆ.

ಮೊದಲ ಚಳಿಗಾಲ ಸಲೀಸಾಗಿ ಕಳೆಯಿತು. ಎರಡನೆಯ ವರ್ಷದ ಜನವರಿಯಲ್ಲಿ ನಾನು ಮತ್ತು ನನ್ನ ಪತ್ನಿ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ, ಚಿಕ್ಕಮಗಳೂರಿನ ಸಮೀಪ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಗಾಡಿ ನಿಲ್ಲಿಸಿದೆವು. ಕಣದ ತುಂಬ ಒಣಗಲು ಹರಡಿದ ಕಾಫಿ, ಅದರ ಬದಿಯಲ್ಲಿ ನಮ್ಮ ಗಾಡಿ. ಬೆಳಗಿನ ಐದೂವರೆಗೆ ಉಷ್ಣಮಾಪಕದಲ್ಲಿ 9 ಡಿಗ್ರಿ ಇತ್ತು. ಪತ್ನಿಗೆ ಉಬ್ಬಸದ ತೊಂದರೆಯಿದೆ. ಚಳಿಗೆ ಅದು ಕೆರಳಿದಾಗ, ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ವಿದ್ಯುತ್ ಸಾಧನ ನೆಬ್ಯುಲೈಸರ್ ಬೇಕಾಗುತ್ತದೆ. ಹಿಂದಿನ ದಿನ ಮೋಡ ಕವಿದಿದ್ದರಿಂದ ಸೋಲಾರ್ ಹಲಗೆ ಏನೂ ತುಂಬಿಸಿರಲಿಲ್ಲ, ಗಾಡಿಯೊಳಗಿನ ಬ್ಯಾಟರಿ ತಳ ಮುಟ್ಟಿತ್ತು. ಬೇರೆಯೇ ಬ್ಯಾಟರಿಯಿರುವ ಜನರೇಟರಿನ ಸೆಲ್ಫ್ ಒತ್ತಿದರೆ ಇಂಜಿನ್ ತಿರುಗಿತು, ಹತ್ತಿಕೊಳ್ಳಲಿಲ್ಲ. ಹಗ್ಗ ಎಳೆದೆ, ಭುಜ ನೋಯುವವರೆಗೆ ಎಳೆದೆ. ಕೊನೆಗೆ ಗೆಳೆಯರ ಮನೆಯಿಂದ ಅರವತ್ತು ಅಡಿ ವಯರು ಎಳೆದು ನೆಬ್ಯುಲೈಸರ್ ನಡೆಸಿದೆವು. ಹತ್ತಿರದಲ್ಲಿ ಮನೆಯೇ ಇಲ್ಲದ ಜಾಗವಾಗಿದ್ದರೆ ಏನು ಗತಿ ಎಂಬ ಯೋಚನೆ ಆ ದಿನವಿಡೀ ನನ್ನನ್ನು ಬಿಡಲಿಲ್ಲ.

ಊರಿಗೆ ಮರಳಿ ಮಂಗಳೂರಿನ ಒಂದು ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಚಳಿಗೆ ಹೀಗಾಗುವುದು ಸಹಜ ಎಂದರು, ಸೆಲ್ಫ್ ಬ್ಯಾಟರಿ ಮತ್ತು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಿಸಿದರು, 7,400 ರೂಪಾಯಿ ತೆಗೆದುಕೊಂಡರು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಬಿಚ್ಚಲಿಲ್ಲ. ಮಂಗಳೂರಿನ ಬಿಸಿಲಿನಲ್ಲಿ, ಅವರ ಅಂಗಳದಲ್ಲಿ, ಅದು ಮೊದಲ ಒತ್ತಿಗೇ ಎದ್ದಿತು. ಆದರೆ ಓಡುವಾಗ ದನಿ ಏರುತ್ತ ಇಳಿಯುತ್ತ ಇತ್ತು. ಆ ಏರಿಳಿತವೇ ರೋಗದ ಲಕ್ಷಣವೆಂದು ನನಗೆ ಆಗ ತಿಳಿದಿರಲಿಲ್ಲ. ಮೂರು ವಾರದ ಬಳಿಕ ಕೆಮ್ಮಣ್ಣುಗುಂಡಿಯಲ್ಲಿ ಮತ್ತೆ ಅದೇ ಕಥೆ. ನಿವೃತ್ತಿ ವೇತನದಲ್ಲಿ ಬದುಕುವವನಿಗೆ 7,400 ರೂಪಾಯಿ ಸಣ್ಣ ಮೊತ್ತವಲ್ಲ. ಈ ಯಂತ್ರವನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುವುದೆಂದು ಅಲ್ಲಿಯೇ ನಿಶ್ಚಯಿಸಿದ್ದೆ.

ಕೊಡದೆ ಉಳಿದದ್ದು ಮಲ್ಪೆಯ ಒಬ್ಬ ಮೆಕ್ಯಾನಿಕ್‌ನಿಂದ. ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್‌ಗಳನ್ನು ಬಿಚ್ಚಿ ಕೂಡಿಸುವುದೇ ಅವರ ಕಸುಬು. ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವರು. ಅವರು ಬ್ಯಾಟರಿಯ ಕಡೆಗೆ ನೋಡಲೇ ಇಲ್ಲ. ಕಾರ್ಬುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲನ್ನು ಬಿಚ್ಚಿ, ಅದರಲ್ಲಿದ್ದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದರು. ಮೇಲೆ ಹಳದಿ ಪೆಟ್ರೋಲ್, ತಳದಲ್ಲಿ ಬೆರಳಿನ ಅಗಲದಷ್ಟು ಬಣ್ಣವಿಲ್ಲದ ಬೇರೆಯೇ ಒಂದು ಪದರ. ಲೋಟ ಅಲ್ಲಾಡಿಸಿದರೆ ಅದು ಗುಂಡುಗುಂಡಾಗಿ ಒಡೆದು ಮತ್ತೆ ತಳದಲ್ಲಿ ಕೂಡಿಕೊಳ್ಳುತ್ತಿತ್ತು. ಬಟ್ಟಲಿನ ಗೋಡೆಗೆ ಬಿಳಿಯ ಹಿಟ್ಟಿನಂಥ ಕರೆ ಕಟ್ಟಿತ್ತು. ಇಂಜಿನ್ನಿಗೆ ಪೆಟ್ರೋಲ್ ಹೋಗುವ ಜೆಟ್ಟಿನ, ಸೂಜಿಯ ಮೊನೆಗಿಂತ ದೊಡ್ಡದಲ್ಲದ ತೂತನ್ನು ಅರಗಿನಂಥ ಅಂಟು ಅರ್ಧ ಮುಚ್ಚಿತ್ತು.

"ಮಾಷ್ಟ್ರೇ, ಇದು ಚಳಿಗೆ ಆದದ್ದಲ್ಲ. ಮಳೆಗಾಲದಲ್ಲಿ ಪೆಟ್ರೋಲು ತುಂಬಿಸಿ ಹಾಗೇ ಕಟ್ಟಿ ಇಟ್ಟದ್ದು. ದೋಣಿಯ ಇಂಜಿನಾದ್ರೆ ನಾವು ಹೀಗೆ ಬಿಡ್ತೇವಾ?" ಎಂದರು.

ಅವರ ಮಾತನ್ನು ನಾನು ಮನೆಗೆ ಬಂದು ಕೂತು ಯೋಚಿಸಿದೆ; ವಿಜ್ಞಾನ ಕಲಿಸಿದವನಿಗೆ ಕಾರಣ ಪೂರ್ತಿ ಹಿಡಿಯದೆ ಸಮಾಧಾನವಾಗುವುದಿಲ್ಲ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಯನ್ನು ಅರ್ಧ ತುಂಬಿದ ಟ್ಯಾಂಕು ಮುಚ್ಚಳದ ಸಣ್ಣ ತೂತಿನಿಂದ ಹಗಲು ರಾತ್ರಿ ಒಳಗೆಳೆದು ಹೊರಬಿಡುತ್ತಿರುತ್ತದೆ. ಹಾಗೆ ಸೇರಿದ ನೀರು ಎಥನಾಲಿನಲ್ಲಿ ಕರಗಿಕೊಂಡು ಕಣ್ಣಿಗೆ ಕಾಣದಂತೆ ಇರುತ್ತದೆ. ಪೆಟ್ರೋಲ್ ತಣ್ಣಗಾದಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿ ಕುಗ್ಗುತ್ತದೆ. ಒಂದು ಹಂತ ದಾಟಿದ ಮೇಲೆ ನೀರು ಮತ್ತು ಎಥನಾಲ್ ಕೂಡಿಯೇ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದ. ಉಡುಪಿಯಲ್ಲಿ 28 ಡಿಗ್ರಿಯಲ್ಲಿ ತಿಳಿಯಾಗಿದ್ದ ಪೆಟ್ರೋಲ್ ಘಟ್ಟದ ಮೇಲೆ 9 ಡಿಗ್ರಿಯಲ್ಲಿ ಒಡೆದ ಹಾಲಿನಂತಾಗಿತ್ತು. ಮೊದಲ ಚಳಿಗಾಲದಲ್ಲಿ ತೊಂದರೆ ಬಾರದೆ ಇದ್ದುದಕ್ಕೂ ಇದರಲ್ಲೇ ಉತ್ತರವಿದೆ: ಆಗ ಯಂತ್ರ ಇನ್ನೂ ಒಂದು ಮಳೆಗಾಲವನ್ನೂ ಕಂಡಿರಲಿಲ್ಲ.

ಚಳಿಗೆ ತನ್ನದೇ ಆದ ಪಾಲು ಇಲ್ಲವೆಂದಲ್ಲ. ತೆಂಗಿನೆಣ್ಣೆಯ ಬಾಟಲಿ ನಮ್ಮವರಿಗೆಲ್ಲ ಗೊತ್ತಿರುವ ಉಷ್ಣಮಾಪಕ. ಮನೆಯಲ್ಲಿ ನೀರಿನಂತೆ ಸುರಿಯುವ ಎಣ್ಣೆ ಚಿಕ್ಕಮಗಳೂರಿನಲ್ಲಿ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಇಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟದಿದ್ದರೂ ಮಂದವಾಗುತ್ತದೆ, ಸೆಲ್ಫ್ ಮೋಟಾರು ಆ ಮಂದವನ್ನು ತಳ್ಳಿಕೊಂಡು ತಿರುಗಬೇಕಾಗುತ್ತದೆ. ಅದೇ ಹೊತ್ತಿಗೆ ಸೀಸದ ಬ್ಯಾಟರಿಯ ಸಾಮರ್ಥ್ಯ 0 ಡಿಗ್ರಿಯಲ್ಲಿ ಸುಮಾರು ಐದನೆಯ ಒಂದು ಪಾಲು ಕುಗ್ಗಿರುತ್ತದೆ. ಊರಿನ ಬಿಸಿಲಿಗೆ ನಾನು ಹಾಕಿಸುತ್ತಿದ್ದ ದಪ್ಪ 30 ನಂಬರಿನ ಆಯಿಲ್ ಬಿಟ್ಟು, ತಣ್ಣಗಿರುವಾಗ ತೆಳುವಾಗಿಯೂ ಬಿಸಿಯಾದಾಗ ಸಾಕಷ್ಟು ದಪ್ಪವಾಗಿಯೂ ಇರುವ 10ಡಬ್ಲ್ಯೂ-30 ಹಾಕಲು ತೊಡಗಿದೆ. ವ್ಯತ್ಯಾಸ ಹಗ್ಗ ಎಳೆಯುವ ಕೈಗೇ ತಿಳಿಯುತ್ತದೆ. 100 ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಆಯಿಲ್ ಬದಲಿಸುತ್ತೇನೆ.

ಮಲ್ಪೆಯಲ್ಲಿ ಮಾಡಿಸಿದ ಇನ್ನೊಂದು ಕೆಲಸವೇ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು. ಔಟ್‌ಬೋರ್ಡಿನ ಪೆಟ್ರೋಲ್ ಪೈಪಿನ ನಡುವೆ ಕೈಯಲ್ಲಿ ಹಿಂಡುವ ಒಂದು ಕಪ್ಪು ರಬ್ಬರ್ ಬಲ್ಬು ಇರುತ್ತದೆ. ಅಂಥದೇ ಒಂದನ್ನು ನನ್ನ ಜನರೇಟರಿನ ಪೈಪಿಗೂ, ಅದರ ಹಿಂದೆ ಪೆಟ್ರೋಲ್ ತಡೆಯುವ ಒಂದು ಕಾಕನ್ನೂ ಅವರು ಕೂಡಿಸಿಕೊಟ್ಟರು. ಅದರಿಂದ ಯಂತ್ರ ನಿಲ್ಲಿಸುವ ಕ್ರಮವೇ ಬದಲಾಯಿತು. ಮೊದಲು ಎಲ್ಲ ಲೋಡ್ ತೆಗೆಯುತ್ತೇನೆ, ಎರಡು ಮೂರು ನಿಮಿಷ ಖಾಲಿ ಓಡಿಸಿ ತಣಿಯಲು ಬಿಡುತ್ತೇನೆ, ಆಮೇಲೆ ಕಾಕು ಮುಚ್ಚುತ್ತೇನೆ. ಬಟ್ಟಲಿನ ಪೆಟ್ರೋಲ್ ಮುಗಿಯುತ್ತ ಬಂದಂತೆ ದನಿ ಒಮ್ಮೆ ಏರಿ, ಎರಡು ಸಲ ತಡವರಿಸಿ, ನಿಲ್ಲುತ್ತದೆ. ಅಂಟು ಕಟ್ಟಲು ಬಟ್ಟಲಿನಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಚಾಲೂ ಮಾಡುವಾಗ ಇದೇ ಕ್ರಮ ತಿರುವುಮುರುವು. ಕಾಕು ತೆರೆದು ಬಲ್ಬನ್ನು ಹಿಂಡುತ್ತೇನೆ. ಮೊದಲು ಮೆತ್ತಗಿದ್ದದ್ದು ಆರೇಳು ಸಲ ಹಿಂಡುವಷ್ಟರಲ್ಲಿ ಕಾಯಿಯಂತೆ ಗಟ್ಟಿಯಾಗುತ್ತದೆ. ಬಟ್ಟಲು ತುಂಬಿತೆಂದು ಬೆರಳಿಗೆ ತಿಳಿಯುವ ಆ ಕ್ಷಣ ನನಗೆ ಬಹಳ ಪ್ರಿಯ. ಗಾಳಿ ಕಡಿಮೆ ಮಾಡಿ ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕನ್ನು ಪೂರ್ತಿ ಎಳೆದು ಸೆಲ್ಫ್ ಒತ್ತುವುದು ಐದು ಸೆಕೆಂಡಿಗಿಂತ ಹೆಚ್ಚಿಲ್ಲ. ಹತ್ತಿಕೊಳ್ಳದಿದ್ದರೆ ಹತ್ತು ಸೆಕೆಂಡು ಬಿಟ್ಟು ಇನ್ನೊಮ್ಮೆ. ಎದ್ದ ಮೇಲೆ ಚೋಕನ್ನು ಅರ್ಧಕ್ಕೆ ತಂದು, ದನಿ ಸಮವಾದ ನಂತರ ಪೂರ್ತಿ ಬಿಡುತ್ತೇನೆ. ಐದು ನಿಮಿಷ ಖಾಲಿ ಓಡಿದ ಮೇಲೆ ಮೊದಲು ಬ್ಯಾಟರಿ ಚಾರ್ಜರ್, ಬಳಿಕ ಹೀಟರ್, ಇಂಡಕ್ಷನ್ ಒಲೆಯ ಸರದಿ ಎಲ್ಲಕ್ಕಿಂತ ಕೊನೆಗೆ. ತಿಂಗಳ ಮೊದಲ ಭಾನುವಾರ, ಪ್ರಯಾಣವಿರಲಿ ಇಲ್ಲದಿರಲಿ, ಮನೆಯ ಅಂಗಳದಲ್ಲಿ ಅರ್ಧ ಲೋಡ್ ಹಾಕಿ ಎರಡು ಗಂಟೆ ಓಡಿಸುತ್ತೇನೆ. ಖಾಲಿ ಓಡಿಸಿದರೆ ಇಂಜಿನ್ ಸರಿಯಾಗಿ ಕಾಯುವುದಿಲ್ಲ, ಒಳಗಿನ ತೇವ ಆರುವುದಿಲ್ಲ, ಆದ್ದರಿಂದ ಲೋಡ್ ಇರಲೇಬೇಕು. ಪತ್ನಿ ಆ ದಿನದ ಅನ್ನ, ಸಾಂಬಾರುಗಳನ್ನೆಲ್ಲ ಗಾಡಿಯೊಳಗಿನ ಒಲೆಯಲ್ಲೇ ಮಾಡುತ್ತಾಳೆ. ಮನೆಯ ಅಡುಗೆಮನೆಗೆ ಅಂದು ರಜೆ.

ಕಳೆದ ನವೆಂಬರಿನಲ್ಲಿ ಧೈರ್ಯ ಮಾಡಿ ಹಿಮಾಚಲ ಪ್ರದೇಶಕ್ಕೆ ಹೋದೆವು. ಶಿಮ್ಲಾದಿಂದ ಹೊರಟು, ಮುಂದೆ ಸತ್ಲಜ್ ನದಿಯ ಪಕ್ಕದಲ್ಲಿ ಸಾಗುವ ಹೆದ್ದಾರಿಯಲ್ಲಿ ರಾಮಪುರ, ರಿಕಾಂಗ್ ಪಿಯೋ ದಾಟಿ ಕಲ್ಪಾ ಮುಟ್ಟಿದೆವು. ಅಲ್ಲಿಯ ಎತ್ತರ 2,700 ಮೀಟರಿಗೂ ಮೇಲೆ, ಎದುರಿಗೆ ಕಿನ್ನರ ಕೈಲಾಸ ಪರ್ವತ. ಕೆಎ-20 ನಂಬರ್ ನೋಡಿ, ಇದು ಯಾವ ಊರು ಎಂದು ವಿಚಾರಿಸಿದವರು ಹಲವರು. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಪ್ರತಿ 300 ಮೀಟರಿಗೆ ಸುಮಾರು ಶೇಕಡಾ ಮೂರೂವರೆಯಂತೆ ಇಂತಹ ಇಂಜಿನ್ನಿನ ಶಕ್ತಿ ಇಳಿಯುತ್ತದೆ. ಕಲ್ಪಾದಲ್ಲಿ ಅದು ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ನಷ್ಟ. ಹೀಟರ್ ಮತ್ತು ಒಲೆ ಒಟ್ಟಿಗೆ ನಡೆಯಲಿಲ್ಲ, ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಬೇಕಾಯಿತು. ಗಾಳಿ ಕಡಿಮೆಯಾದಾಗ ಅದೇ ಜೆಟ್ಟಿನಿಂದ ಬರುವ ಪೆಟ್ರೋಲ್ ಪ್ರಮಾಣಕ್ಕಿಂತ ಹೆಚ್ಚಾಗಿ ಪ್ಲಗ್ ಮಸಿ ಹಿಡಿಯುತ್ತದೆ. ಎರಡನೆಯ ದಿನ ಪ್ಲಗ್ ಬಿಚ್ಚಿದರೆ ದೀಪದ ಸುಟ್ಟ ಬತ್ತಿಯಷ್ಟು ಕಪ್ಪಾಗಿತ್ತು. ಬ್ರಷ್ಷಿನಿಂದ ಉಜ್ಜಿ, 0.7 ಮಿಲಿಮೀಟರ್ ಅಂತರ ನೋಡಿ ಮತ್ತೆ ಕೂರಿಸಿದೆ.

ಮೂರನೆಯ ಬೆಳಗ್ಗೆ ಹೊರಗೆ ಸೊನ್ನೆಗಿಂತ 3 ಡಿಗ್ರಿ ಕೆಳಗಿತ್ತು. ಪೆಟ್ಟಿಗೆಯ ಬಾಗಿಲಿನ ಮೇಲೆ ಹರಳುಪ್ಪಿನಂತೆ ಹಿಮ ಕೂತಿತ್ತು. ರಾತ್ರಿ ಕಂಬಳಿಯೊಳಗೆ ಇಟ್ಟುಕೊಂಡಿದ್ದ ಸೆಲ್ಫ್ ಬ್ಯಾಟರಿಯನ್ನು ಬೆಚ್ಚಗಿರುವಾಗಲೇ ಜೋಡಿಸಿದೆ. ಬಲ್ಬು ಹಿಂಡಿದೆ; ಚಳಿಗೆ ರಬ್ಬರೇ ಬಿಗಿದುಕೊಂಡಿದ್ದರಿಂದ ತುಂಬಿತೋ ಇಲ್ಲವೋ ಬೆರಳಿಗೆ ತಿಳಿಯಲಿಲ್ಲ, ಎಣಿಸಿ ಹತ್ತು ಸಲ ಹಿಂಡಿದೆ. ಎತ್ತರದಲ್ಲಿ ಪೂರ್ತಿ ಚೋಕ್ ಕೊಟ್ಟರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗುತ್ತದೆಂದು ಹಿಂದಿನ ದಿನ ಕಲಿತಿದ್ದೆ, ಅರ್ಧಕ್ಕೇ ನಿಲ್ಲಿಸಿದೆ. ಮೊದಲ ಸಲ ಒಂದು ಕೆಮ್ಮು. ಎರಡನೆಯ ಸಲ ಎದ್ದಿತು. ಒಳಗಿನಿಂದ ಪತ್ನಿ, "ಆಯ್ತಾ ಮಾರಾಯ್ರೆ?" ಎಂದು ಕೇಳಿದಳು. ಕೈ ಮರಗಟ್ಟಿತ್ತು, ಆದರೂ ದನಿ ಸಮವಾಗುವವರೆಗೆ ಅದರ ಪಕ್ಕದಲ್ಲೇ ನಿಂತಿದ್ದೆ.

ಚಳಿಯ ಊರಿಗೆ ಹೋಗುವವರು ಒಂದು ವಿಷಯವನ್ನು ಯಂತ್ರಕ್ಕಿಂತ ಮೊದಲು ನೋಡಿಕೊಳ್ಳಬೇಕು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚುತ್ತೇವೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕೊಳವೆ ಗಾಡಿಯ ಅಂಚಿನಿಂದ ಹೊರಗೆ ಚಾಚಿರಬೇಕು, ಅದರ ಬಾಯಿಗೆ ಹಿಮವೋ ಮಣ್ಣಿನ ದಿಬ್ಬವೋ ಅಡ್ಡವಿರಬಾರದು. ಮಲಗುವ ಜಾಗದಲ್ಲಿ ಆ ಅನಿಲವನ್ನು ಪತ್ತೆಹಚ್ಚಿ ಕೂಗುವ ಸಾಧನವಿರಬೇಕು. ನಾವು ಮಲಗಿರುವಾಗ ಜನರೇಟರ್ ಓಡಿಸುವುದೇ ಇಲ್ಲ.

ಇಷ್ಟಾದರೂ ತಯಾರಕರ ಮೇಲೆ ನನ್ನ ಒಂದು ದೂರು ಹಾಗೆಯೇ ಉಳಿದಿದೆ. ಫ್ಲೋಟ್ ಬಟ್ಟಲಿನ ಪೆಟ್ರೋಲ್ ಇಳಿಸುವ ತಿರುಪು ಮುಂಭಾಗದ ತಗಡಿನ ಒಳಗಿದೆ. ಅದನ್ನು ಮುಟ್ಟಬೇಕಾದರೆ ಆರು ಬೋಲ್ಟ್ ಬಿಚ್ಚಬೇಕು, ಆಮೇಲೂ ಉದ್ದದ ಸ್ಕ್ರೂಡ್ರೈವರನ್ನು ಓರೆಯಾಗಿ ಹಿಡಿದು ಕಣ್ಣಿಗೆ ಕಾಣದೆಯೇ ತಿರುಗಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಇದನ್ನು ಖಾಲಿ ಮಾಡಿ ಎಂದು ಕೈಪಿಡಿಯಲ್ಲಿ ತಾವೇ ಬರೆದವರು ಅಲ್ಲಿಗೆ ಕೈ ಹೋಗುವಂತೆ ಒಂದು ಸಣ್ಣ ಕಿಂಡಿ ಇಡಬೇಕಾಗಿತ್ತು. ಗಾಡಿ ಕಟ್ಟಿಕೊಟ್ಟವರೂ ಪೆಟ್ಟಿಗೆಯ ಬಾಗಿಲನ್ನು ಬದಿಗೆ ತೆರೆಯುವಂತೆ ಇಡದೆ ಕೆಳಕ್ಕೆ ಇಟ್ಟಿದ್ದಾರೆ. ಅರವತ್ತೈದರ ವಯಸ್ಸಿನಲ್ಲಿ ಗೋಣಿ ಹಾಸಿಕೊಂಡು ನೆಲದಲ್ಲಿ ಮಲಗಿ ಮಾಡುವ ಕೆಲಸವಿದು. ಕ್ಯಾರವಾನ್ ಕಟ್ಟಿಸುವವರು ಸೋಫಾದ ಬಟ್ಟೆ ಆರಿಸುವ ಮೊದಲು ಈ ಬಾಗಿಲು ಎತ್ತ ತೆರೆಯುತ್ತದೆಂದು ಕೇಳಿಕೊಳ್ಳಲಿ.

ಮಳೆಗಾಲವಿಡೀ ಗಾಡಿಯನ್ನು ಮುಚ್ಚಿಟ್ಟು ಡಿಸೆಂಬರಿನಲ್ಲಿ ನೇರ ಘಟ್ಟ ಹತ್ತುವ ಅಭ್ಯಾಸದವರಿಗೆ ಈ ಜನರೇಟರನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅವರು ಆ ಹಣದಲ್ಲಿ ಇನ್ನೊಂದು ಬ್ಯಾಟರಿ ಹಾಕಿಸಿಕೊಳ್ಳುವುದು ಒಳ್ಳೆಯದು. ತಿಂಗಳಿಗೊಂದು ಭಾನುವಾರದ ಎರಡು ಗಂಟೆ ಕೊಡಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ನಾನಂತೂ ಇದನ್ನು ಮಾರುವ ಯೋಚನೆ ಬಿಟ್ಟಿದ್ದೇನೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಆಳಸಮುದ್ರದ ಮೀನುಗಾರಿಕೆಗೆ ರಜೆ. ಬೋಟುಗಳು ಬಂದರಿಗೆ ಮರಳುವ ಆ ಮೇ ಕೊನೆಯ ವಾರದಲ್ಲಿಯೇ ನಾನೂ ಟ್ಯಾಂಕಿನ ಪೆಟ್ರೋಲನ್ನು ಸ್ಕೂಟರಿಗೆ ಸುರಿದು, ಆರು ಬೋಲ್ಟ್ ಬಿಚ್ಚಿ ಬಟ್ಟಲು ಖಾಲಿ ಮಾಡಿ, ಟ್ಯಾಂಕನ್ನು ಬಟ್ಟೆಯಿಂದ ಒರೆಸಿಡುತ್ತೇನೆ. ಜೂನ್, ಜುಲೈ ಭಾನುವಾರಗಳ ಓಟಕ್ಕೆ ಎರಡು ಲೀಟರ್ ಹೊಸ ಪೆಟ್ರೋಲನ್ನು ಅಂದಂದಿಗೇ ತರುತ್ತೇನೆ, ಉಳಿದದ್ದನ್ನು ಸಂಜೆಯೊಳಗೆ ತೆಗೆದುಬಿಡುತ್ತೇನೆ. ಮಲ್ಪೆಯ ಮೆಕ್ಯಾನಿಕ್ ಈ ವರ್ಷವೂ ಒಮ್ಮೆ ಬಂದು ಬಟ್ಟಲು ಬಿಚ್ಚಿ, ಲೋಟಕ್ಕೆ ಸುರಿದು, ಬೆಳಕಿಗೆ ಹಿಡಿದು ನೋಡಿದರು. ತಳದಲ್ಲಿ ಏನೂ ಇರಲಿಲ್ಲ.