ಹೈದರಾಬಾದಿನ ಸಬರಂಗ್ ಕ್ಲಿನಿಕ್: ಮೊದಲು ಹೆಸರು ಕೇಳಿದರು

ನಾನು ಟ್ರಾನ್ಸ್ ಹೆಣ್ಣು. ಕಲಬುರಗಿಯಿಂದ ರೈಲು ಹತ್ತಿ ಹೈದರಾಬಾದಿನ ಈ ಕ್ಲಿನಿಕ್ಕಿಗೆ ಹೋಗಿದ್ದು ಎಚ್‌ಐವಿ ಪರೀಕ್ಷೆಗಲ್ಲ. ಹಾರ್ಮೋನ್ ಗುಳಿಗೆಗೆ. ನಾಲ್ಕು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ನಾನೇ ತಗೊಂಡು, ಗುರುವಿನ (ನಮ್ಮನ್ನು ಮಗಳಂತೆ ಇಟ್ಟುಕೊಂಡ ಸಮುದಾಯದ ಹಿರಿಯರು) ಮನೆಯ ಅಕ್ಕಂದಿರು ಹೇಳಿದಷ್ಟು ನುಂಗುತ್ತಿದ್ದೆ. ಒಂದು ಕಾಲು ಊದಿಕೊಂಡಾಗ ಹೆದರಿಕೆ ಆಯಿತು.

ಕೌಂಟರಿನ ಹುಡುಗಿ ದಖನಿ ಹಿಂದಿಯಲ್ಲಿ ಕೇಳಿದ ಮೊದಲ ಮಾತು, ಯಾವ ಹೆಸರಿಂದ ಕರೀಬೇಕು ಅಂತ. ನನ್ನ ಆಧಾರ್ ಕಾರ್ಡಿನಲ್ಲಿ ಇನ್ನೂ ಹಳೇ ಹೆಸರಿದೆ. ಹಿಂದೆ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಆ ಹೆಸರನ್ನೇ ಎಲ್ಲರೆದುರು ಕೂಗಿ, ಗಂಡಸರ ಸಾಲಿಗೆ ಹೋಗು ಅಂದಿದ್ದರು. ಅವತ್ತು ಎಚ್‌ಐವಿಗೆ ರಕ್ತ ಕೊಟ್ಟೆ. ರಿಪೋರ್ಟ್ ತರಲು ಹೋಗಲೇ ಇಲ್ಲ.

ಇಲ್ಲಿ ಡಾಕ್ಟರು ಕಾಲು ಮುಟ್ಟಿ ನೋಡಿದರು. ಲಿವರ್, ಹಾರ್ಮೋನ್ ಪರೀಕ್ಷೆಗೆ ಬರೆದರು. "ಇದೇ ರಕ್ತದಲ್ಲಿ ಎಚ್‌ಐವಿ ಕೂಡ ನೋಡೋಣವಾ? ಬೇಡ ಅಂದರೆ ಬೇಡ" ಅಂದರು. ಹೂಂ ಅಂದೆ. ಫಲಿತಾಂಶವನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಿದ ಕೌನ್ಸಿಲರ್ ನಮ್ಮ ಸಮುದಾಯದವರೇ. ನೆಗೆಟಿವ್. ಆಮೇಲೆ ಪ್ರೆಪ್ ಮಾತ್ರೆಯ ಮಾತು ಬಂತು. ಸೋಂಕು ತಗಲುವ ಮೊದಲೇ ದಿನಾ ತಗೊಂಡರೆ ಅದು ಎಚ್‌ಐವಿಯಿಂದ ಕಾಯುತ್ತದೆ. ನನಗಿದ್ದ ಭಯ ಬೇರೆ: ಎದೆ ಇಳಿದುಹೋದರೆ? ಅವರು ನಗಲಿಲ್ಲ. ಪ್ರೆಪ್ ಹಾರ್ಮೋನಿನ ಕೆಲಸ ಕೆಡಿಸುವುದಿಲ್ಲ, ಆದರೆ ದಿನ ತಪ್ಪಿಸಬೇಡಿ, ಕಾಂಡೋಮ್ ಬಿಡಬೇಡಿ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬನ್ನಿ ಅಂದರು. ಈ ಪ್ರಶ್ನೆ ನಮ್ಮಲ್ಲಿ ಎಲ್ಲರಿಗೂ ಇದೆ. ಕೇಳಲು ಜಾಗ ಇರಲಿಲ್ಲ, ಅಷ್ಟೇ.

ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ 2017ರ ಲೆಕ್ಕದಲ್ಲಿ ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 0.22 ಇದ್ದರೆ, ನಮ್ಮವರಲ್ಲಿ ಶೇ. 3.14. ಜಗತ್ತಿನಲ್ಲೂ ಹಾಗೇ: ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಯುಎನ್‌ಏಡ್ಸ್‌ನ 2023ರ ಅಂಕಿಯಂತೆ ವಯಸ್ಕರಲ್ಲಿ ಶೇ. 0.8, ಟ್ರಾನ್ಸ್ ಜನರಲ್ಲಿ ಶೇ. 9.2. ನಮ್ಮ ಮೈಯಲ್ಲಿ ದೋಷ ಇದೆ ಅಂತಲ್ಲ. ಬಾಡಿಗೆ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ, ಆಸ್ಪತ್ರೆಯಲ್ಲಿ ಸಾಲಿನಿಂದ ಎಬ್ಬಿಸುತ್ತಾರೆ. ಸೆಕ್ಸ್ ವರ್ಕಿಗೆ ಇಳಿದವಳು ಪರೀಕ್ಷೆಗೆ ಎಲ್ಲಿ ಹೋಗಬೇಕು?

ಜೊತೆಗೆ ಬಂದಿದ್ದ ನನ್ನ ಗೆಳತಿಯ ಮಗು (ಇಪ್ಪತ್ತರ ವಯಸ್ಸು, ನಮಗೆ ಮಗುವೇ) ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುತ್ತದೆ. ಸಮೀಕ್ಷೆಗಳಲ್ಲಿ ಇಂಥವರ ಲೆಕ್ಕ ಸಿಗುವುದೇ ಅಪರೂಪ. ಇಲ್ಲಿ ಯಾರೂ ಅದನ್ನು ಬಿಡಿಸಿ ಹೇಳು ಅನ್ನಲಿಲ್ಲ. ಅದೂ ರಕ್ತ ಕೊಟ್ಟು ಬಂತು.

ಕಷ್ಟ ಅಂದರೆ ದೂರ. ಒಂದು ದಿನದ ಸಂಪಾದನೆ ಹೋಗುತ್ತದೆ. ಇನ್ನೊಂದು ಭಯವೂ ಇದೆ. ಇದು 2021ರಲ್ಲಿ ಮಿತ್ರ್ ಅನ್ನುವ ಹೆಸರಲ್ಲಿ ಶುರುವಾದ ಕ್ಲಿನಿಕ್. 2025ರಲ್ಲಿ ಅಮೆರಿಕದ ನೆರವು ನಿಂತಾಗ ಮುಚ್ಚಿತು. ಟಾಟಾ ಟ್ರಸ್ಟ್ಸ್ ಹಣದಿಂದ ಸಬರಂಗ್ ಆಗಿ ಮತ್ತೆ ತೆರೆಯಿತು. ನಡುವೆ ಗುಳಿಗೆ ನಿಂತವರು ಏನು ಮಾಡಿದರೋ.

ಹೋಗುವ ಮೊದಲು ಫೋನ್ ಮಾಡಿ. ಹಳೇ ರಿಪೋರ್ಟ್, ಗುಳಿಗೆ ಚೀಟಿ ಇದ್ದರೆ ಒಯ್ಯಿರಿ. ಹೋಗಲು ಆಗದವರು ಸರ್ಕಾರದ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಬಹುದು, ದುಡ್ಡು ಬೀಳುವುದಿಲ್ಲ. ಮೂರು ತಿಂಗಳಿಗೆ ನಾನು ಮತ್ತೆ ಹೋಗುತ್ತೇನೆ. ಈ ಸಲ ಗುರುವೂ ಬರುತ್ತೇನೆ ಅಂದಿದ್ದಾರೆ.